‘ಏರಿಯಾ ಚೆನ್ನಾಗಿದೆಯೇ?’

ಕಳೆದ ದೀಪಾವಳಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಡೆದ ಮಾತು. ಶಿಕಾಗೋ ನಗರಕ್ಕೆ ಹೊಸದಾಗಿ ಬಂದಿರುವ ಚಿಕ್ಕ ವಯಸ್ಸಿನ ದಂಪತಿಗಳು, ಕೈಹಿಡಿದುಕೊಂಡು ನಾಲ್ಕು ವರ್ಷದ ಮಗ. ಆಕೆ ನನ್ನನ್ನು ಕೇಳಿದಳು: “ಆಂಟಿ, ಮುಂದಿನ ವರ್ಷ ಇವನನ್ನು ಸ್ಕೂಲಿಗೆ ಹಾಕಬೇಕು. ಸಿಟಿಯಲ್ಲೇ ಇರೋಣವೋ, ಸಬರ್ಬಿಗೆ ಹೋಗೋಣವೋ?” ನಾನು ಬಾಯಿ ತೆರೆಯುವ ಮೊದಲೇ ಮುಂದೆ ನಿಂತಿದ್ದವರು ತಿರುಗಿ, “ಸಿಟಿ ಸ್ಕೂಲೇ? ಬೇಡವೇ ಬೇಡಮ್ಮ” ಎಂದರು. ಹಿಂದೆ ನಿಂತಿದ್ದವರು, “ನಿಮ್ಮ ಅಪಾರ್ಟ್‌ಮೆಂಟು ಯಾವ ಕಡೆ? ಆ ಏರಿಯಾ ಚೆನ್ನಾಗಿದೆಯೇ?” ಎಂದು ವಿಚಾರಿಸಿದರು. ಬಡಿಸುತ್ತಿದ್ದವರು ಸೌಟು ಎತ್ತಿ ಹಿಡಿದೇ ಮೂರು ಉಪನಗರಗಳ ಹೆಸರು ಹೇಳಿದರು. ಬಿಸಿಬೇಳೆ ಭಾತು ತಟ್ಟೆಗೆ ಬೀಳುವಷ್ಟರಲ್ಲಿ ಆ ಹುಡುಗನ ಹನ್ನೆರಡು ವರ್ಷದ ವಿದ್ಯಾಭ್ಯಾಸ ಇತ್ಯರ್ಥವಾಗಿ ಹೋಗಿತ್ತು.

ಯಾರೂ ಕೆಟ್ಟ ಮಾತು ಆಡಲಿಲ್ಲ. ಯಾರೂ ಯಾವ ಜನಾಂಗದ ಹೆಸರನ್ನೂ ಎತ್ತಲಿಲ್ಲ. ಆದರೂ ಅಲ್ಲಿದ್ದ ಎಲ್ಲರಿಗೂ ಎಲ್ಲವೂ ಅರ್ಥವಾಗಿತ್ತು. ನನಗೆ ಮಿಕ್ಕವರಿಗಿಂತ ಚೆನ್ನಾಗಿ ಅರ್ಥವಾಗಿತ್ತು, ಏಕೆಂದರೆ 1993ರಲ್ಲಿ ಇದೇ ಮಾತುಗಳನ್ನು ಕೇಳಿ ಮನೆ ಖಾಲಿ ಮಾಡಿದವಳು ನಾನು. ಈಗ ನನ್ನ ಮಗಳು ಅದೇ ನಗರದಲ್ಲಿ ಸಂಸಾರ ಹೂಡಿ, ತನ್ನ ಮಗಳನ್ನು ಯಾವ ಸ್ಕೂಲಿಗೆ ಸೇರಿಸಲಿ ಎಂದು ಕೂತಿದ್ದಾಳೆ. ಅವಳು ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡಲು ಹೋಗಿ ಇಷ್ಟು ಬರೆಯುವಂತಾಯಿತು.

ಮೊದಲು ಈ ನಗರದ ಕಥೆ. ನಮ್ಮಲ್ಲಿ ಬಹಳ ಮಂದಿ ಇಲ್ಲಿ ಮೂವತ್ತು ನಲವತ್ತು ವರ್ಷ ಬಾಳಿದ್ದರೂ ಇದನ್ನು ಪೂರ್ತಿ ತಿಳಿದವರಲ್ಲ. ನಾನೂ ತಿಳಿದದ್ದು ಇತ್ತೀಚೆಗೆ, ಲೈಬ್ರರಿಯಲ್ಲಿ ಕುಳಿತು.

ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಶಾಲೆ ಎಂದು ಕಾನೂನೇ ಇತ್ತು. ಅದನ್ನು 1954ರ ಮೇ 17ರಂದು ಸುಪ್ರೀಂ ಕೋರ್ಟು ಬ್ರೌನ್ ಮೊಕದ್ದಮೆಯಲ್ಲಿ ಹೊಡೆದುಹಾಕಿತು. ಶಿಕಾಗೋದಲ್ಲಿ ಅಂಥ ಕಾನೂನಿನ ಅಗತ್ಯವೇ ಬೀಳಲಿಲ್ಲ. ಇಲ್ಲಿ ಮನೆಯ ಕ್ರಯಪತ್ರದಲ್ಲೇ ಕಪ್ಪು ಜನರಿಗೆ ಮಾರಕೂಡದು ಎಂದು ಬರೆಯುತ್ತಿದ್ದರು. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಕರಾರನ್ನು ಕೋರ್ಟುಗಳು ಜಾರಿ ಮಾಡಬಾರದು ಎನ್ನುವವರೆಗೂ ಅದು ನಡೆಯಿತು. 1930ರ ದಶಕದಲ್ಲಿ ಸರ್ಕಾರದ ಸಾಲದ ಸಂಸ್ಥೆಯೇ ನಗರಗಳ ನಕ್ಷೆ ಮಾಡಿ, ಕಪ್ಪು ಜನರಿದ್ದ ಕೇರಿಗಳಿಗೆ ಕೆಂಪು ಬಣ್ಣ ಬಳಿದಿತ್ತು. ಜನ ಎಲ್ಲಿ ಇರಬೇಕೆಂಬುದು ಗೊತ್ತಾದ ಮೇಲೆ, ಮನೆ ಎಲ್ಲಿದೆಯೋ ಅಲ್ಲಿಯ ಸ್ಕೂಲು ಎಂಬ ನಿಯಮ ಒಂದಿದ್ದರೆ ಸಾಕಲ್ಲ.

1953ರಿಂದ 1966ರವರೆಗೆ ಇಲ್ಲಿ ಬೆಂಜಮಿನ್ ವಿಲ್ಲಿಸ್ ಎಂಬಾತ ಶಾಲೆಗಳ ಮುಖ್ಯಾಧಿಕಾರಿ. ಕಪ್ಪು ಜನರ ಭಾಗದ ಶಾಲೆಗಳು ತುಂಬಿ ತುಳುಕಿ, ಮಕ್ಕಳು ಎರಡು ಪಾಳಿಯಲ್ಲಿ ಓದುತ್ತಿದ್ದರು. ಬಿಳಿಯರ ಭಾಗದಲ್ಲಿ ಖಾಲಿ ಕೊಠಡಿಗಳಿದ್ದವು. ಆ ಮಕ್ಕಳನ್ನು ಈ ಕೊಠಡಿಗಳಿಗೆ ಕಳಿಸುವ ಬದಲು ವಿಲ್ಲಿಸ್ ಅವರ ಶಾಲೆಯ ಅಂಗಳಗಳಲ್ಲಿ ಗಾಲಿಮನೆಗಳಂಥ ಕೊಠಡಿಗಳನ್ನು ತಂದಿಡಿಸಿದ. ಜನ ಅವಕ್ಕೆ ‘ವಿಲ್ಲಿಸ್ ವ್ಯಾಗನ್’ ಎಂದು ಹೆಸರಿಟ್ಟರು. 1963ರ ಅಕ್ಟೋಬರ್ 22ರಂದು ಎರಡು ಲಕ್ಷಕ್ಕೂ ಮಿಕ್ಕಿ ಮಕ್ಕಳು ಸ್ಕೂಲಿಗೆ ಹೋಗದೆ ಪ್ರತಿಭಟಿಸಿದರು. ಎರಡು ಲಕ್ಷ ಮಕ್ಕಳು, ಒಂದೇ ದಿನ! 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಗೆ ಬಂದು ಮನೆಗಳ ವಿಷಯವಾಗಿ ಮೆರವಣಿಗೆ ಹೊರಟಾಗ, ಮಾರ್ಕೆಟ್ ಪಾರ್ಕಿನ ಬಳಿ ಅವರ ತಲೆಗೆ ಕಲ್ಲು ಬಿತ್ತು.

ಈ ಹೋರಾಟಕ್ಕೂ ನಮಗೂ ಏನು ಸಂಬಂಧ ಎಂದರೆ, ನಾವು ಈ ದೇಶದಲ್ಲಿ ಇರುವುದೇ ಅದರಿಂದ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹಿಂದೂಸ್ಥಾನದವರು ಬಿಳಿಯರಲ್ಲ, ಆದ್ದರಿಂದ ಪೌರರಾಗಲಾರರು ಎಂದಿತು. 1927ರಲ್ಲಿ ಮಿಸ್ಸಿಸ್ಸಿಪ್ಪಿಯಲ್ಲಿ ಅಂಗಡಿ ಇಟ್ಟಿದ್ದ ಚೀನೀ ಮನೆತನದ ಹುಡುಗಿಯೊಬ್ಬಳನ್ನು ಬಿಳಿಯರ ಶಾಲೆಯಿಂದ ಹೊರಗಿಟ್ಟದ್ದು ಸರಿಯೇ ಎಂದೂ ಅದೇ ಕೋರ್ಟು ಹೇಳಿತು. ಬಾಗಿಲು ದೊಡ್ಡದಾಗಿ ತೆರೆದದ್ದು 1965ರ ಅಕ್ಟೋಬರಿನ ವಲಸೆ ಕಾನೂನಿನಿಂದ. ಕಪ್ಪು ಜನರಿಗೆ ಮತದ ಹಕ್ಕನ್ನು ಭದ್ರಪಡಿಸಿದ ಕಾನೂನು ಅದೇ ವರ್ಷ ಆಗಸ್ಟಿನದು. ಎರಡೂ ಒಂದೇ ಗಾಳಿಯಲ್ಲಿ ಬಂದವು. ಬಾಗಿಲು ತಳ್ಳಿದವರು ಬೇರೆ, ಒಳಗೆ ಬಂದು ಕುರ್ಚಿ ಹಿಡಿದವರು ನಾವು. ಇನ್ನೊಂದು ತಮಾಷೆ: 1970ರ ಜನಗಣತಿಯಲ್ಲಿ ನಮ್ಮನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರು. 1980ರಲ್ಲಿ ನಮಗೆಂದು ಬೇರೆ ಮನೆ ಬಿತ್ತು. ಕಾಗದದಲ್ಲಿ ಬಿಳಿಯರಲ್ಲವಾದರೂ ಮನೆ ಕೊಳ್ಳುವಾಗ ನಮ್ಮ ಕಾಲು ಎತ್ತ ಎಳೆಯುತ್ತದೆಂಬುದು ಬೇರೆ ವಿಷಯ.

ಶಿಕಾಗೋದ ಮೇಲೆ ಕೇಂದ್ರ ಸರ್ಕಾರ ಮೊಕದ್ದಮೆ ಹೂಡಿದ್ದು 1980ರಲ್ಲಿ. ಶಿಕ್ಷಣ ಮಂಡಳಿ ರಾಜಿಗೆ ಒಪ್ಪಿತು. ಆದರೆ ಅಷ್ಟು ಹೊತ್ತಿಗೆ ಬಿಳಿಯರ ಮಕ್ಕಳು ನಗರದ ಶಾಲೆಗಳಲ್ಲಿ ಐದರಲ್ಲೊಂದು ಪಾಲೂ ಉಳಿದಿರಲಿಲ್ಲ. ಬೆರೆಸೋಣವೆಂದರೆ ಬೆರೆಸಲು ಯಾರು? ಉಪನಗರಗಳನ್ನು ಸೇರಿಸಿಕೊಳ್ಳುವ ದಾರಿಯನ್ನು ಡೆಟ್ರಾಯಿಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲೇ ಮುಚ್ಚಿಬಿಟ್ಟಿತ್ತು: ಉಪನಗರದ್ದೇ ತಪ್ಪಿದೆ ಎಂದು ತೋರಿಸದ ಹೊರತು ನಗರದ ಗಡಿ ದಾಟಿ ಮಕ್ಕಳನ್ನು ಹಂಚುವಂತಿಲ್ಲ ಎಂದು. ಐದು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ. ಅದರ ಹಿಂದಿನ ವರ್ಷ ಟೆಕ್ಸಾಸಿನ ಮೊಕದ್ದಮೆಯಲ್ಲಿ, ಊರೂರಿನ ಮನೆತೆರಿಗೆಯಿಂದ ಸ್ಕೂಲು ನಡೆಸುವುದು ಬಡ ಊರಿಗೆ ಕಡಿಮೆ, ಸಿರಿವಂತ ಊರಿಗೆ ಹೆಚ್ಚು ಹಣ ಕೊಟ್ಟರೂ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿದ್ದರು, ಅಲ್ಲಿಯೂ ಐದು-ನಾಲ್ಕು. ನಾವು ‘ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್’ ಎಂದು ಕೊಳ್ಳುವುದು ಈ ಎರಡು ತೀರ್ಪುಗಳ ಫಲವನ್ನೇ. ಗಡಿಗೆರೆಯ ಈಚೆಗಿನ ಮನೆಗೂ ಆಚೆಗಿನ ಮನೆಗೂ ಇಟ್ಟಿಗೆಯಲ್ಲಿ ವ್ಯತ್ಯಾಸವಿಲ್ಲ, ಬೆಲೆಯಲ್ಲಿ ಇದೆ.

ಈಗ ನಮ್ಮ ಮನೆಯ ವಿಷಯ. 1985ರಲ್ಲಿ ನಾವು ಬಂದು ಇಳಿದದ್ದು ರೋಜರ್ಸ್ ಪಾರ್ಕಿನಲ್ಲಿ. ಡೆವನ್ ಅವೆನ್ಯೂಗೆ ನಡೆದು ಹೋಗಿ ಕರಿಬೇವು, ಹುಣಿಸೆಹಣ್ಣು ತರಬಹುದಾಗಿತ್ತು. ಮಗಳು ಹತ್ತಿರದ ಸಾರ್ವಜನಿಕ ಸ್ಕೂಲಿಗೆ ಹೋದಳು. ಆ ತರಗತಿಯಲ್ಲಿ ಮೆಕ್ಸಿಕೋದವರು, ಕಪ್ಪು ಮಕ್ಕಳು, ಪಾಕಿಸ್ತಾನದವರು, ಯೆಹೂದಿಗಳು, ರಷ್ಯಾದಿಂದ ಬಂದವರು ಎಲ್ಲರೂ ಇದ್ದರು. ಮೂರನೆಯ ತರಗತಿಯಲ್ಲಿ ಅವಳಿಗೆ ಕಪ್ಪು ಜನಾಂಗದ ಒಬ್ಬ ಹಿರಿಯ ಉಪಾಧ್ಯಾಯಿನಿ; ಅಷ್ಟು ಶಿಸ್ತಿನ ಮೇಡಂ ನಾನು ತಿಪಟೂರಿನಲ್ಲಿಯೂ ಕಾಣಲಿಲ್ಲ. ಮಗ್ಗಿ ತಪ್ಪಿದರೆ ಮನೆಗೆ ಫೋನು ಬರುತ್ತಿತ್ತು. ಮಗಳಿಗೆ ಬಹಳ ಸ್ನೇಹದವಳೆಂದರೆ ಅದೇ ತರಗತಿಯ ಒಬ್ಬ ಕಪ್ಪು ಹುಡುಗಿ. ಅವಳ ತಾಯಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಇಬ್ಬರೂ ಒಂದೇ ಬಣ್ಣದ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದರು.

ಆ ಹುಡುಗಿಯ ಹುಟ್ಟುಹಬ್ಬಕ್ಕೆ ಕರೆ ಬಂತು. ಐದಾರು ಬೀದಿ ಆಚೆ ಅವರ ಮನೆ. ನಮ್ಮವರು, “ಆ ಏರಿಯಾಕ್ಕೆ ಕಳಿಸೋದು ಬೇಡ” ಎಂದರು. ನಾನು ಏಕೆ ಎಂದು ಕೇಳಲಿಲ್ಲ. ಆ ತಾಯಿಗೆ ಫೋನು ಮಾಡಿ, ಅಂದು ನಮ್ಮ ಮನೆಯಲ್ಲಿ ಪೂಜೆ ಇದೆ ಎಂದೆ. ಯಾವ ಪೂಜೆಯೂ ಇರಲಿಲ್ಲ. ಆಕೆ ಒಂದು ಗಳಿಗೆ ಸುಮ್ಮನಿದ್ದು, “ಪರವಾಗಿಲ್ಲ, ಅರ್ಥವಾಯಿತು” ಎಂದರು. ಆ ವರ್ಷದ ಬೇಸಿಗೆಯಲ್ಲಿ ನಾವು ಪಶ್ಚಿಮದ ಒಂದು ಉಪನಗರಕ್ಕೆ ಮನೆ ಬದಲಾಯಿಸಿದೆವು. ಕೇಳಿದವರಿಗೆಲ್ಲ ಹೇಳಿದ್ದು ಸ್ಕೂಲಿಗಾಗಿ ಎಂದು.

ಅದು ಸುಳ್ಳೂ ಅಲ್ಲ. ಅಲ್ಲಿಯ ಸ್ಕೂಲಿಗೆ ಈಜುಕೊಳವಿತ್ತು, ವಯೊಲಿನ್ ಕಲಿಸುವವರಿದ್ದರು. ಮಗಳು ಓದಿ ಮುಂದೆ ಬಂದಳು. ಆದರೆ ಹೋದ ತಿಂಗಳು ಅವಳು, “ಅಮ್ಮ, ಥರ್ಡ್ ಗ್ರೇಡಿನಲ್ಲಿ ನನಗೆ ಏನು ಕಡಿಮೆಯಾಗಿತ್ತು ಅಂತ ಆ ಸ್ಕೂಲು ಬಿಡಿಸಿದಿರಿ?” ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಕಡಿಮೆಯಾಗಿದ್ದು ಏನೂ ಇರಲಿಲ್ಲ. ನಾವು ಆ ಸ್ಕೂಲಿನ ಒಳಗೆ ಹೋಗಿ ಹತ್ತು ನಿಮಿಷ ಕುಳಿತವರೂ ಅಲ್ಲ. ಕೂಟದಲ್ಲಿ ನಾಲ್ಕು ಜನ ‘ಅವರು ಜಾಸ್ತಿ’ ಎಂದರು, ನಾವು ಹೊರಟೆವು. ‘ಅವರು’ ಎಂಬ ಸರ್ವನಾಮ ನಮ್ಮ ಭಾಷೆಯಲ್ಲಿ ಬಹುವಚನವೂ ಹೌದು, ಗೌರವಸೂಚಕವೂ ಹೌದು. ಇಲ್ಲಿ ನಾವು ಅದಕ್ಕೆ ಮೂರನೆಯ ಅರ್ಥವೊಂದನ್ನು ಸೇರಿಸಿದ್ದೇವೆ.

ಇದನ್ನು ನಾವು ಅಮೆರಿಕದಲ್ಲಿ ಕಲಿತೆವೆಂದು ಹೇಳಿಕೊಳ್ಳುವುದು ಸುಲಭ. ನಾನು ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದ 1960ರ ದಶಕದಲ್ಲಿ, ಮನೆಗೆ ಬಂದ ಕೂಡಲೇ ನಮ್ಮಜ್ಜಿ ಬಚ್ಚಲಿಗೆ ಕಳಿಸಿ, ಸ್ಕೂಲಿನ ಲಂಗ ಬಿಚ್ಚಿಸಿ, ಬೇರೆ ಬಟ್ಟೆ ಉಟ್ಟ ಮೇಲೆಯೇ ಅಡಿಗೆಮನೆ ಹೊಸಿಲು ತುಳಿಯಗೊಡುತ್ತಿದ್ದರು. “ಅಲ್ಲಿ ಯಾರ್ಯಾರನ್ನು ಮುಟ್ಟಿರುತ್ತೀಯೋ” ಎನ್ನುತ್ತಿದ್ದರು. ಅಜ್ಜಿ ನಮ್ಮನ್ನು ಸ್ಕೂಲು ಬಿಡಿಸಲಿಲ್ಲ, ಅದೊಂದು ಪುಣ್ಯ, ಸ್ನಾನ ಮಾಡಿಸಿದರು. ನಾವು ಸ್ನಾನದ ಗೋಜಿಗೇ ಹೋಗದೆ ಊರನ್ನೇ ಬಿಟ್ಟೆವು. ಈಗ ನಮ್ಮೂರಿನಲ್ಲಿಯೂ ಇದೇ ಆಗಿದೆ. ಅನುಕೂಲವಿದ್ದವರು ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ, ನಾನು ಓದಿದಂಥ ಸರ್ಕಾರಿ ಶಾಲೆಯಲ್ಲಿ ಬೇರೆ ಗತಿ ಇಲ್ಲದವರ ಮಕ್ಕಳಷ್ಟೇ ಉಳಿದಿದ್ದಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡ ಮಕ್ಕಳಿಗೆಂದು ಇಟ್ಟಾಗ ಬೆಂಗಳೂರಿನ ನಮ್ಮ ನೆಂಟರೊಬ್ಬರು ಫೋನಿನಲ್ಲಿ ಹೇಳಿದ್ದು: “ನಮ್ಮ ಡ್ರೈವರನ ಮಗನೂ ನನ್ನ ಮೊಮ್ಮಗನೂ ಒಂದೇ ಬೆಂಚಿನಲ್ಲಿ ಕೂತರೆ ಸ್ಟ್ಯಾಂಡರ್ಡು ಏನಾಗಬೇಕು?” ಆಮೇಲೆ ಕರ್ನಾಟಕದಲ್ಲಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಾಗಿಲ್ಲ ಎಂದು 2019-20ರ ಸಾಲಿನಿಂದ ನಿಯಮ ಬದಲಾಯಿತು. ಆ ನೆಂಟರಿಗೆ ಸಮಾಧಾನವಾಗಿರಬೇಕು.

ಹಾಗಾದರೆ ನಗರದ ಸ್ಕೂಲುಗಳಲ್ಲಿ ತೊಂದರೆಯೇ ಇಲ್ಲವೇ? ಇದೆ. 2012ರಲ್ಲಿ, 2019ರಲ್ಲಿ ಉಪಾಧ್ಯಾಯರ ಮುಷ್ಕರದಿಂದ ದಿನಗಟ್ಟಲೆ ಪಾಠ ನಿಂತಿತು. ಎಷ್ಟೋ ಶಾಲೆಗಳಲ್ಲಿ ಲೈಬ್ರರಿ ನೋಡಿಕೊಳ್ಳುವವರಿಲ್ಲ. 2013ರಲ್ಲಿ ಒಂದೇ ಸಲ ಸುಮಾರು 50 ಶಾಲೆಗಳನ್ನು ಮುಚ್ಚಿದರು. ಅಲ್ಲಿ ಓದುತ್ತಿದ್ದವರು ಬಹುಪಾಲು ಕಪ್ಪು ಮಕ್ಕಳೇ. ಕೆಲವು ಕಡೆ ಗುಂಡಿನ ಸದ್ದಿನ ಭಯ ನಿಜವಾದದ್ದು. ಆ ಭಯ ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಮಕ್ಕಳನ್ನು ಇಟ್ಟುಕೊಂಡು ಬಾಳುವ ತಾಯಂದಿರಿಗೆ ಇದೆ. ತನ್ನ ಮಗು ಕ್ಷೇಮವಾಗಿರಲಿ, ಚೆನ್ನಾಗಿ ಓದಲಿ ಎಂದು ಬಯಸುವ ತಾಯಿಯನ್ನು ನಾನು ಹೀಗಳೆಯಲಾರೆ. ಸಿದ್ಧಾಂತಕ್ಕಾಗಿ ಮಗುವನ್ನು ಒತ್ತೆ ಇಡಿ ಎಂದು ಯಾರಿಗೂ ಹೇಳುವ ಧೈರ್ಯವೂ ನನಗಿಲ್ಲ.

ನನ್ನ ತಕರಾರು ಇರುವುದು ‘ಚೆನ್ನಾಗಿದೆ’ ಎಂಬ ಮಾತಿನ ಮೇಲೆ. 1968ರ ಕಾನೂನಿನ ಪ್ರಕಾರ ಮನೆ ದಲ್ಲಾಳಿ ಜನಾಂಗ ನೋಡಿ ಗಿರಾಕಿಯನ್ನು ಈ ಬೀದಿಗೆ ಕರೆತರುವುದೋ ಆ ಬೀದಿಯಿಂದ ತಪ್ಪಿಸುವುದೋ ಅಪರಾಧ. ಆದ್ದರಿಂದ ದಲ್ಲಾಳಿ ಜನರ ವಿಷಯ ಎತ್ತುವುದಿಲ್ಲ. “ಇಲ್ಲಿ ಸ್ಕೂಲು ಚೆನ್ನಾಗಿದೆ” ಎನ್ನುತ್ತಾನೆ. ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಮೂರು ಎಂದು ಅಂಕ ತೋರಿಸುತ್ತಾನೆ. ಆ ಅಂಕದ ಬಹುಭಾಗ ಮಕ್ಕಳ ಪರೀಕ್ಷೆಯ ಸರಾಸರಿ. ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರು 1966ರಲ್ಲೇ ದೊಡ್ಡ ಸಮೀಕ್ಷೆ ಮಾಡಿ, ಪರೀಕ್ಷೆಯ ಅಂಕದಲ್ಲಿ ಕಾಣುವ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಖರ್ಚುಗಳಿಗಿಂತ ಮನೆಯ ಸ್ಥಿತಿಗತಿಯೇ ಹೆಚ್ಚು ಕಾರಣವೆಂದು ತೋರಿಸಿದ್ದರು. ಅಂದರೆ ಸರಾಸರಿ ಅಂಕ ಹೇಳುವುದು ಆ ಸ್ಕೂಲು ಏನು ಕಲಿಸಿತು ಎಂದಲ್ಲ, ಅಲ್ಲಿಗೆ ಎಂಥ ಮನೆಯ ಮಕ್ಕಳು ಬರುತ್ತಾರೆ ಎಂದು. ಅಪ್ಪ-ಅಮ್ಮ ಇಬ್ಬರೂ ಎಂಜಿನಿಯರಾದ ಮನೆಯ ಮಗು ಮೂರನೆಯ ತರಗತಿಗೆ ಮೊದಲೇ ಗುಣಾಕಾರ ಕಲಿತು ಬಂದಿದ್ದರೆ, ಆ ಕೀರ್ತಿ ಸ್ಕೂಲಿಗೇಕೆ?

ಕೇಳಬೇಕಾದ ಲೆಕ್ಕ ಬೇರೆ: ಮಗು ಎಲ್ಲಿಂದ ಹೊರಟಿತ್ತು, ವರ್ಷಕ್ಕೆ ಎಷ್ಟು ದೂರ ನಡೆಯಿತು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಎಂಬವರು ಇದನ್ನು ಹಾಗೆಯೇ ಅಳೆದು 2017ರಲ್ಲಿ ಪ್ರಕಟಿಸಿದರು. ಶಿಕಾಗೋ ನಗರದ ಮಕ್ಕಳು ಮೂರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಐದು ವರ್ಷಗಳಲ್ಲಿ ಸುಮಾರು ಆರು ವರ್ಷಗಳಷ್ಟು ಕಲಿಯುತ್ತಿದ್ದರು. ದೇಶದ ದೊಡ್ಡ ಡಿಸ್ಟ್ರಿಕ್ಟುಗಳಲ್ಲಿ ಇಷ್ಟು ವೇಗ ಬಹಳ ಅಪರೂಪ. ಕೂಟದ ಊಟದ ಸಾಲಿನಲ್ಲಿ ನಾವು ತಲೆಯಾಡಿಸಿ ತಳ್ಳಿಹಾಕಿದ್ದು ಇದೇ ಸ್ಕೂಲುಗಳನ್ನು. ನಮ್ಮವರಿಗೆ ಈ ಅಂಕಿ ತೋರಿಸಿದೆ. ಅಂಕಿಗೆ ಬೆಲೆ ಕೊಡುವ ಮನುಷ್ಯ. ಕನ್ನಡಕ ತೆಗೆದು ಒರೆಸಿ ಎರಡು ಸಲ ಓದಿದರು. ಏನೂ ಹೇಳಲಿಲ್ಲ.

ನಗರದಲ್ಲೇ ಇದ್ದುಕೊಂಡು ತಪ್ಪಿಸಿಕೊಳ್ಳುವ ದಾರಿಯೂ ಒಂದಿದೆ: ಆಯ್ಕೆಯ ಶಾಲೆಗಳು. 1975ರಲ್ಲಿ ವಿಟ್ನಿ ಯಂಗ್ ಹೈಸ್ಕೂಲು ತೆರೆದದ್ದು ಎಲ್ಲ ಕೇರಿಯ ಜಾಣ ಮಕ್ಕಳನ್ನೂ ಒಂದೆಡೆ ಕೂಡಿಸಲೆಂದು. ಮಿಶೆಲ್ ಒಬಾಮಾ ದಕ್ಷಿಣ ಭಾಗದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಓದಿ 1981ರಲ್ಲಿ ಮುಗಿಸಿದರು. ರಾಜಿಯ ತೀರ್ಮಾನ ಜಾರಿಯಲ್ಲಿದ್ದಷ್ಟು ಕಾಲ ಇಂಥ ಶಾಲೆಗಳಲ್ಲಿ ಬಿಳಿಯರು ಇಷ್ಟು, ಉಳಿದವರು ಇಷ್ಟು ಎಂಬ ಅಳತೆ ಇತ್ತು. 2007ರಲ್ಲಿ ಸುಪ್ರೀಂ ಕೋರ್ಟು ಸಿಯಾಟಲ್ ಮೊಕದ್ದಮೆಯಲ್ಲಿ ಮಗುವಿನ ಜನಾಂಗ ನೋಡಿ ಸೀಟು ಹಂಚುವುದಕ್ಕೆ ತಡೆ ಹಾಕಿತು. 2009ರಲ್ಲಿ ಇಲ್ಲಿಯ ರಾಜಿಯೂ ಮುಗಿಯಿತು. ಆಮೇಲೆ ನಗರವನ್ನು ವರಮಾನ, ಹಿರಿಯರ ವಿದ್ಯಾಭ್ಯಾಸ, ಸ್ವಂತ ಮನೆ, ಮನೆಮಾತು ಮೊದಲಾದುವನ್ನು ನೋಡಿ ನಾಲ್ಕು ದರ್ಜೆಯಾಗಿ ವಿಂಗಡಿಸಿ, ಕೆಲವು ಸೀಟು ಅಂಕದ ಮೇಲೆ, ಮಿಕ್ಕವನ್ನು ದರ್ಜೆಗಳಿಗೆ ಸಮನಾಗಿ ಹಂಚುವ ಕ್ರಮ ತಂದರು. ನಮ್ಮ ಮೈಸೂರು ಸೀಮೆಯವರಿಗೆ ಇದು ಹೊಸದಲ್ಲ. 1918ರ ಮಿಲ್ಲರ್ ಸಮಿತಿಯಿಂದ ಈಚೆಗೆ ನಾವು ಈ ಜಗಳವನ್ನು ಬೇರೆ ಬೇರೆ ವೇಷದಲ್ಲಿ ಆಡುತ್ತಲೇ ಬಂದಿದ್ದೇವೆ. ಶಿಶುವಿಹಾರಕ್ಕೂ ಇಂಥ ಪರೀಕ್ಷೆಯಿದೆ. ನಾಲ್ಕು ವರ್ಷದ ಮಗುವಿಗೆ! ಅದಕ್ಕೆ ಟ್ಯೂಷನ್ ಕೊಡಿಸುವವರು ನಮ್ಮಲ್ಲೇ ಇದ್ದಾರೆ. ಅಳಿಯಂದಿರಿಗೆ ಅದರ ಮೇಲೆ ಒಲವು. “ಬರೆಸಿ ನೋಡೋಣ, ಸಿಕ್ಕರೆ ಬಿಡೋದೇಕೆ” ಎನ್ನುತ್ತಾರೆ. ಮಗಳು ಒಪ್ಪುತ್ತಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ತಪ್ಪಾದೀತು. ಉಪನಗರಕ್ಕೆ ಹೋದರೆ ನಾವು ‘ನಾವು’ ಆಗುತ್ತೇವೆ ಎಂದುಕೊಂಡಿದ್ದೆವಲ್ಲ? ಕ್ಯಾಲಿಫೋರ್ನಿಯಾದ ಶಾಲೆಗಳ ಲೆಕ್ಕ ತೆಗೆದು ಅರ್ಥಶಾಸ್ತ್ರಜ್ಞರು 2023ರಲ್ಲಿ ಬರೆದದ್ದು: ಅನುಕೂಲಸ್ಥರ ಉಪನಗರಗಳಲ್ಲಿ ಏಷ್ಯಾ ಮೂಲದ ಮಕ್ಕಳು ಹೆಚ್ಚಾದ ಹಾಗೆಲ್ಲ ಬಿಳಿಯ ಕುಟುಂಬಗಳು ಸ್ಕೂಲು ಬಿಟ್ಟು ಹೋಗುತ್ತಿವೆ. ಆ ಸ್ಕೂಲುಗಳ ಅಂಕ ಕಡಿಮೆಯಲ್ಲ. ಪೈಪೋಟಿ ಹೆಚ್ಚಾಯಿತೆಂಬ ಭಯವೂ ಒಂದು ಕಾರಣವಿರಬಹುದು ಎನ್ನುತ್ತಾರೆ. ಅಲ್ಲಿಯ ಊಟದ ಸಾಲಿನಲ್ಲಿ ಯಾರೋ ಯಾರಿಗೋ ‘ಅವರು ಜಾಸ್ತಿ’ ಎನ್ನುತ್ತಿದ್ದಾರೆ. ಆ ‘ಅವರು’ ನಾವು.

ಅಕ್ಟೋಬರಿನಲ್ಲಿ ಮಗಳು ತನ್ನ ಮನೆಯ ಹತ್ತಿರದ ಸ್ಕೂಲು ನೋಡಲು ನನ್ನನ್ನೂ ಕರೆದುಕೊಂಡು ಹೋದಳು. ಹಳೆಯ ಇಟ್ಟಿಗೆ ಕಟ್ಟಡ, ಹೀಟರು ಗೊರಕೆ ಹೊಡೆಯುತ್ತಿತ್ತು. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪ್ಯಾನಿಷ್ ಮಾತಿನವರು, ಉಳಿದವರಲ್ಲಿ ಬಹಳ ಮಂದಿ ಕಪ್ಪು ಮಕ್ಕಳು. ನಮ್ಮ ಕಡೆಯವರು ಒಂದಿಬ್ಬರು ಕಂಡರು. ಮಗಳು ಅಂಕ ಕೇಳಲಿಲ್ಲ. ಹೆಡ್ಮಿಸ್ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದಳು, ಒಂಬತ್ತು ಎಂದರು. ವರ್ಷಕ್ಕೆ ಎಷ್ಟು ಉಪಾಧ್ಯಾಯರು ಬಿಟ್ಟು ಹೋಗುತ್ತಾರೆ, ಬಿಡುವಿನ ಆಟಕ್ಕೆ ಎಷ್ಟು ಹೊತ್ತು, ಜಗಳವಾದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಹೊರಗೆ ಕಾಯುತ್ತಿದ್ದ ತಾಯಂದಿರನ್ನು ಮಾತನಾಡಿಸಿದಳು. ನಾನು ಒಂದನೆಯ ತರಗತಿಯ ಪುಟ್ಟ ಕುರ್ಚಿಯಲ್ಲಿ ಕೂತೆ. ಉಪಾಧ್ಯಾಯಿನಿ ಓದಿಸುತ್ತಿದ್ದರು, ತಡವರಿಸುತ್ತಿದ್ದ ಒಬ್ಬ ಹುಡುಗನನ್ನು ಅವಸರ ಮಾಡದೆ ಆ ಸಾಲು ಮುಗಿಯುವವರೆಗೂ ಕಾದರು. 1993ರಲ್ಲಿ ಇಷ್ಟನ್ನು ನಾನು ಮಾಡಿದ್ದರೆ ಆಗುತ್ತಿತ್ತು. ಕಾಲು ಗಂಟೆಯ ಕೆಲಸ.

ಹಿಂತಿರುಗುವಾಗ ಕಾರಿನಲ್ಲಿ ಮಗಳಿಗೆ ಆ ಹುಟ್ಟುಹಬ್ಬದ ವಿಷಯ, ಇಲ್ಲದ ಪೂಜೆಯ ವಿಷಯ ಹೇಳಿದೆ. ಅವಳು ರಸ್ತೆ ನೋಡುತ್ತಲೇ, “ಗೊತ್ತಿತ್ತಮ್ಮ. ಅವಳೇ ಸೋಮವಾರ ಸ್ಕೂಲಿನಲ್ಲಿ ಕೇಳಿದಳು, ನಿಮ್ಮ ಪೂಜೆ ಹೇಗಾಯಿತು ಅಂತ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ” ಎಂದಳು.

ಗಂಡ-ಹೆಂಡಿರ ನಡುವೆ ಮಾತು ಇನ್ನೂ ಮುಗಿದಿಲ್ಲ. ಅಳಿಯಂದಿರು ಪರೀಕ್ಷೆಗೆ ಅರ್ಜಿ ಹಾಕಿದ್ದಾರೆ. ಮಗಳು ಹತ್ತಿರದ ಸ್ಕೂಲಿಗೂ ಹೆಸರು ಕೊಟ್ಟಿದ್ದಾಳೆ. ದೀಪಾವಳಿ ಕೂಟದ ಆ ದಂಪತಿಗಳಿಗೆ ನಾನು ಫೋನು ಮಾಡಿ, ಊಟದ ಸಾಲಿನಲ್ಲಿ ಹೇಳದೆ ಉಳಿದದ್ದನ್ನು ಹೇಳಿದೆ. ಮುಂದಿನ ಗುರುವಾರ ಬೆಳಿಗ್ಗೆ ಅವರ ಬೀದಿಯ ಸ್ಕೂಲು ನೋಡಲು ಹೋಗುತ್ತಿದ್ದೇವೆ. ನಮ್ಮವರೂ ಬರುತ್ತಾರಂತೆ. ಒಳಗೆ ಬರುವುದಿಲ್ಲ, ಕಾರಿನಲ್ಲೇ ಕೂತಿರುತ್ತೇನೆ ಎಂದಿದ್ದಾರೆ. ಆ ದಿನ ಛಳಿ ಜಾಸ್ತಿಯಂತೆ. ಎಷ್ಟು ಹೊತ್ತು ಕೂತಿರುತ್ತಾರೋ ನೋಡಬೇಕು.